ಮಿಶ್ರಕ್ರಮದಲ್ಲಿ ಉನ್ನತ ತಳಿಶಾಸ್ತ್ರದ ವ್ಯಾಸಂಗ

ನಮ್ಮ ಶಾಲೆಯಿಂದ ತೇರ್ಗಡೆಯಾಗಿ ವಿಶ್ವವಿದ್ಯಾಲಯಗಳಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಂಡ ಹುಡುಗಿಯರು ಈಚಿನ ವರ್ಷಗಳಲ್ಲಿ ‘ಬ್ಲೆಂಡೆಡ್’ ಎಂಬ ಹೊಸ ಮಾತೊಂದನ್ನು ಮನೆಗೆ ತರುತ್ತಿದ್ದಾರೆ. ಉನ್ನತ ತಳಿಶಾಸ್ತ್ರದಂತಹ ಕಠಿಣವಾದ ವಿಷಯದ ಒಂದು ಭಾಗವನ್ನು ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಕಲಿಯುವುದೆಂದರೆ ತಂದೆತಾಯಂದಿರಿಗೆ ಸಂದೇಹವುಂಟಾಗುವುದು ಸಹಜವೇ. ಇದು ನಿಜವಾದ ವಿದ್ಯಾಭ್ಯಾಸವೋ ಅಥವಾ ಅಂಚೆಯ ಪಾಠಗಳ ಹೊಸ ವೇಷವೋ ಎಂದು ಅನೇಕರು ನಮ್ಮನ್ನು ಕೇಳಿದ್ದಾರೆ. ಆದಕಾರಣ ಈ ಕ್ರಮದ ಸ್ವರೂಪವನ್ನೂ, ಇದು ವಿದ್ಯಾರ್ಥಿನಿಯಿಂದಲೂ ಮನೆಯವರಿಂದಲೂ ಅಪೇಕ್ಷಿಸುವುದನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಮೊದಲನೆಯದಾಗಿ, ಮಿಶ್ರಕ್ರಮವೆಂದರೆ ತರಗತಿಯನ್ನು ತೊರೆಯುವುದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಹೊರಡಿಸಿದ ಟಿಪ್ಪಣಿಯಲ್ಲಿ, ಒಂದೊಂದು ವಿಷಯದ ಪಾಠದಲ್ಲಿಯೂ ಶೇಕಡಾ 40ರವರೆಗೆ ಅಂತರ್ಜಾಲದ ಮೂಲಕವೂ ಉಳಿದದ್ದನ್ನು ಎದುರಿನಲ್ಲಿಯೂ ಕಲಿಸಬಹುದೆಂದು ಸೂಚಿಸಿತು. ಉಪನ್ಯಾಸವನ್ನು ಮುದ್ರಿಸಿ ಕಳುಹಿಸುತ್ತಾರೆ. ವಿದ್ಯಾರ್ಥಿನಿಯು ಅದನ್ನು ತರಗತಿಗೆ ಮುಂಚಿತವಾಗಿಯೇ ಮನೆಯಲ್ಲಿ ಕೇಳಿ, ಬೇಕಾದೆಡೆಯಲ್ಲಿ ನಿಲ್ಲಿಸಿ, ಟಿಪ್ಪಣಿ ಬರೆದುಕೊಂಡು, ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಒಪ್ಪಿಸಬೇಕು. ಹಿಂದೆ ಪ್ರಾಧ್ಯಾಪಕರ ಮಾತನ್ನು ಬರೆದುಕೊಳ್ಳುವುದರಲ್ಲಿ ಕಳೆಯುತ್ತಿದ್ದ ವೇಳೆಯು ಹೀಗೆ ಸಮಸ್ಯೆಗಳನ್ನು ಬಿಡಿಸುವುದಕ್ಕೂ ಸಂದೇಹಗಳನ್ನು ಕೇಳುವುದಕ್ಕೂ ದೊರೆಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಎರಡು ವಂಶವಾಹಿಗಳು ಬೇರೆ ಬೇರೆ ವರ್ಣತಂತುಗಳ ಮೇಲಿದ್ದರೆ, ತಕ್ಕ ಸಂಕರದಿಂದ ಹುಟ್ಟಿದ 1000 ಹಣ್ಣುನೊಣಗಳಲ್ಲಿ ಸುಮಾರು 500ರಲ್ಲಿ ತಂದೆತಾಯಿಗಳಲ್ಲಿಲ್ಲದ ಹೊಸ ಗುಣಗಳ ಕೂಡಿಕೆಯು ಕಾಣಬೇಕು. 170ರಲ್ಲಿ ಮಾತ್ರ ಕಂಡಿತೆನ್ನೋಣ. ಆಗ ಅವೆರಡೂ ಒಂದೇ ವರ್ಣತಂತುವಿನ ಮೇಲೆ 17 ಮಾನಗಳಷ್ಟು ದೂರದಲ್ಲಿವೆ ಎಂದು ಎಣಿಸುತ್ತಾರೆ. ಈ ತತ್ತ್ವವನ್ನು ಮನೆಯಲ್ಲಿ ಎರಡು ಮೂರು ಬಾರಿ ಕೇಳಿ ತಿಳಿಯಬಹುದು. ಎರಡರ ಬದಲು ಮೂರು ವಂಶವಾಹಿಗಳು ಬಂದಾಗಲೋ, ಲೆಕ್ಕವು ತೊಡಕಾಗಿ, ಬಲ್ಲವರೊಡನೆ ಕುಳಿತು ಬಿಡಿಸಬೇಕಾಗುತ್ತದೆ. ತರಗತಿಯ ಪ್ರಯೋಜನವು ಅಲ್ಲಿಯೇ.

ಪ್ರಯೋಗಶಾಲೆಯ ಮಾತಂತೂ ಬೇರೆಯೇ. ಕಂಪ್ಯೂಟರಿನಲ್ಲಿ ತೋರಿಸುವ ಕೃತಕ ಸಂಕರವು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ನಿಜವಾದ ಹಣ್ಣುನೊಣಕ್ಕಾದರೋ 25 ಡಿಗ್ರಿ ಶಾಖದಲ್ಲಿ ಒಂದು ತಲೆಮಾರು ಕಳೆಯಲು ಸುಮಾರು 10 ದಿನಗಳು ಬೇಕು. ಕೋಶದಿಂದ ಹೊರಬಂದ ಸುಮಾರು 8 ಗಂಟೆಗಳೊಳಗಾಗಿ ಹೆಣ್ಣುಗಳನ್ನು ಗಂಡುಗಳಿಂದ ಬೇರ್ಪಡಿಸದಿದ್ದರೆ ಪ್ರಯೋಗವನ್ನು ನಂಬುವಂತಿಲ್ಲ. ಕೆಲವು ಸೀಸೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕೆಲವು ನೊಣಗಳು ಸಾಯುತ್ತವೆ, ದೊರೆತ ಎಣಿಕೆಯು ಪುಸ್ತಕದ ಪ್ರಮಾಣಕ್ಕೆ ಸರಿಹೊಂದುವುದೇ ಇಲ್ಲ. ಆ ವ್ಯತ್ಯಾಸವು ಆಕಸ್ಮಿಕವೋ, ಅದಕ್ಕೆ ಕಾರಣವುಂಟೋ ಎಂದು ನಿರ್ಣಯಿಸಲು, ಕಾರ್ಲ್ ಪಿಯರ್ಸನ್ನರು 1900ರಲ್ಲಿ ಪ್ರಕಟಿಸಿದ ‘ಕೈ-ವರ್ಗ’ದ ಪರೀಕ್ಷೆಯನ್ನು ಉಪಯೋಗಿಸುತ್ತಾರೆ. ತನ್ನ ಕೈಯಿಂದಲೇ ಎಣಿಸಿದವಳಿಗೆ ಈ ಪರೀಕ್ಷೆಯ ಅಗತ್ಯವು ತಾನಾಗಿ ಮನದಟ್ಟಾಗುವುದು. ತಾಳ್ಮೆಯೂ ಪ್ರಾಮಾಣಿಕತೆಯೂ ಅದರೊಡನೆಯೇ ಬರುವುವು.

ಹಾಗೆಂದು ಕಂಪ್ಯೂಟರನ್ನು ಹಗುರವಾಗಿ ಎಣಿಸಲಾಗದು. ಮಾನವನ ಪ್ರತಿಯೊಂದು ಜೊತೆ ವರ್ಣತಂತುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡರೂ, ಅವುಗಳಲ್ಲಿ ಒಟ್ಟು ಸುಮಾರು 300 ಕೋಟಿ ಡಿ.ಎನ್.ಎ. ಅಕ್ಷರಗಳಿವೆ. 1990ರಲ್ಲಿ ಆರಂಭವಾದ ಮಾನವ ಜೀನೋಮ್ ಯೋಜನೆಯು 2003ರಲ್ಲಿ ಮುಗಿದ ಮೇಲೆ, ಇಂತಹ ರಾಶಿಯಲ್ಲಿ ಹುಡುಕುವುದೂ ಹೋಲಿಸುವುದೂ ತಳಿಶಾಸ್ತ್ರಜ್ಞರ ದಿನದ ಕೆಲಸವಾಯಿತು. ಅದನ್ನು ಯಂತ್ರದ ಮುಂದೆ ಕುಳಿತೇ ಕಲಿಯಬೇಕು. ಹೀಗೆ ಈ ಶಾಸ್ತ್ರದ ಅರ್ಧವು ಸೀಸೆಯಲ್ಲಿಯೂ ಅರ್ಧವು ಗಣಕದಲ್ಲಿಯೂ ಇರುವುದರಿಂದ, ಮಿಶ್ರಕ್ರಮವು ಇದಕ್ಕೆ ಸ್ವಭಾವದಿಂದಲೇ ಒಪ್ಪುತ್ತದೆ.

ಈಗ ಮನೆಯ ವಿಚಾರ. ಕಾಲೇಜಿಗೆ ಹೋದ ಮಗಳನ್ನು ಯಾರೂ ನಡುವೆ ಕರೆಯುವುದಿಲ್ಲ. ಅದೇ ಮಗಳು ಮನೆಯ ಮೂಲೆಯಲ್ಲಿ ಪಾಠ ಕೇಳುತ್ತಿದ್ದರೆ, ‘ಮನೆಯಲ್ಲಿಯೇ ಇದ್ದಾಳಲ್ಲ’ ಎಂದು ಒಲೆಯ ಮೇಲಿನ ಹಾಲನ್ನು ನೋಡಲೂ, ಬಂದವರಿಗೆ ಕಾಫಿ ಕೊಡಲೂ, ತಮ್ಮನ ಲೆಕ್ಕವನ್ನು ತಿದ್ದಲೂ ಕರೆಯುತ್ತಾರೆ. ಅಣ್ಣನನ್ನು ಹಾಗೆ ಕರೆಯುವುದು ಅಪರೂಪ. ಸಿದ್ಧಳಾಗದೆ ಹೋದವಳು ತರಗತಿಯಲ್ಲಿ ಮೂಕಳಾಗಿ ಕುಳಿತು, ಕ್ರಮೇಣ ತನಗೆ ಬುದ್ಧಿ ಸಾಲದೆಂದು ತಿಳಿದುಕೊಳ್ಳುತ್ತಾಳೆ. ಆಕೆಗೆ ಸಾಲದೇ ಹೋದುದು ಬುದ್ಧಿಯಲ್ಲ, ಹೊತ್ತು.

ಏಕಾಂತದ ಹೊತ್ತಿನ ಬೆಲೆಯನ್ನು ಈ ಶಾಸ್ತ್ರದ ಚರಿತ್ರೆಯೇ ಹೇಳುತ್ತದೆ. 1911ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ನರ ಶಿಷ್ಯನಾಗಿದ್ದ ಆಲ್ಫ್ರೆಡ್ ಸ್ಟರ್ಟವೆಂಟನು ಪದವಿಯನ್ನು ಇನ್ನೂ ಪಡೆದಿರಲಿಲ್ಲ. ಅವನು ಹಣ್ಣುನೊಣಗಳ ಎಣಿಕೆಗಳನ್ನು ಮನೆಗೆ ಕೊಂಡೊಯ್ದು, ಉಳಿದ ಪಾಠಗಳನ್ನು ಬದಿಗಿಟ್ಟು, ರಾತ್ರಿಯ ಬಹುಭಾಗ ಕುಳಿತು, ವಂಶವಾಹಿಗಳ ಮೊತ್ತಮೊದಲನೆಯ ನಕ್ಷೆಯನ್ನು ರಚಿಸಿದನು. ಅದು 1913ರಲ್ಲಿ ಪ್ರಕಟವಾಯಿತು. ಎಣಿಕೆಯು ಪ್ರಯೋಗಶಾಲೆಯದು, ಅರಿವು ಮನೆಯದು.

ಸಂಸಾರಕ್ಕಾಗಿ ಓದನ್ನು ನಿಲ್ಲಿಸಿದ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬಾಕೆಯು ಶಾಲಾ ಉಪಾಧ್ಯಾಯಿನಿಯಾಗಿದ್ದು, 1896ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದಳು. ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳದ ಜೀವಕೋಶಗಳನ್ನು ಪರೀಕ್ಷಿಸಿ, ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳೂ, ಗಂಡಿನಲ್ಲಿ 19 ದೊಡ್ಡವೂ ಒಂದು ಚಿಕ್ಕದೂ ಇರುವುದನ್ನು ಕಂಡು 1905ರಲ್ಲಿ ಪ್ರಕಟಿಸಿದಳು. ಮನುಷ್ಯರಲ್ಲಿಯೂ ಮಗು ಹೆಣ್ಣೋ ಗಂಡೋ ಎಂಬುದು ತಂದೆಯಿಂದ ಬರುವ ವರ್ಣತಂತುವನ್ನು ಅವಲಂಬಿಸಿದೆ. ಹೆಣ್ಣುಗಳನ್ನೇ ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಇದನ್ನು ಬಲ್ಲ ಒಬ್ಬಳು ಹುಡುಗಿಯಿದ್ದರೆ, ಅಂತಹ ಮನೆಯಲ್ಲಿ ಉತ್ತರ ಹೇಳುವವಳು ಒಬ್ಬಳಿದ್ದಂತೆ.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳ ವೇಳಾಪಟ್ಟಿಯನ್ನು ಕೇಳಿ ಪಡೆದು ಗೋಡೆಯ ಮೇಲೆ ಅಂಟಿಸಿರಿ, ಆ ಗಂಟೆಗಳಲ್ಲಿ ಆಕೆಯು ಮನೆಯಲ್ಲಿಲ್ಲವೆಂದೇ ಭಾವಿಸಿರಿ.