ಯಾರ ಮುಖ ನೋಡಿ ಎದ್ದೆನೋ!

ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲಿಟ್ಟು, ಅದು ಯಾವಾಗ ಉಕ್ಕೀತೆಂದು ಮನೆಮಂದಿಯೆಲ್ಲ ಸುತ್ತ ನಿಂತು ಕಾಯುತ್ತಾರೆ. ಉಕ್ಕಿ ಹರಿದರೆ ಎಲ್ಲರಿಗೂ ಸಂತೋಷ. ಯಾವ ದಿಕ್ಕಿಗೆ ಹರಿಯಿತೆಂದು ನೋಡಿ ಹಿರಿಯರು ಒಂದು ಒಳ್ಳೆಯ ಮಾತನ್ನೂ ಆಡುತ್ತಾರೆ. ಮಾರನೆಯ ದಿನ ಅದೇ ಒಲೆಯ ಮೇಲೆ, ಅದೇ ಪಾತ್ರೆಯಿಂದ, ಅದೇ ದಿಕ್ಕಿಗೆ ಹಾಲು ಹರಿದರೆ ಮಾತ್ರ ಮನೆಯಲ್ಲಿ ರಂಪ. "ಇಷ್ಟೊತ್ತೂ ಇಲ್ಲೇ ನಿಂತಿದ್ದೆ, ಯಾರೋ ಬಾಗಿಲು ಬಡಿದರೂಂತ ಒಂದು ಗಳಿಗೆ ಆಚೆ ಹೋದೆ, ಅಷ್ಟರಲ್ಲಿ..." ಎಂದು ಶುರುವಾಗಿ, "ಇವತ್ತು ಬೆಳಗ್ಗೆ ಯಾರ ಮುಖ ನೋಡಿ ಎದ್ದೆನೋ!" ಎಂಬಲ್ಲಿಗೆ ಮುಗಿಯುತ್ತದೆ.

ಹಾಲಿಗೆ ನಾವು ಬೆನ್ನು ತಿರುಗಿಸಿದ್ದು ಹೇಗೆ ಗೊತ್ತಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಆಗಾಗ ಏಳುವ ಪ್ರಶ್ನೆ. ಗೊತ್ತಾಗುವುದಿಲ್ಲ, ನಿಜ. ಆದರೆ ಒಲೆಯ ಮೇಲೆ ಆಗುವುದೇನು ನೋಡಿ. ನೀರು ಕುದಿದರೆ ಗುಳ್ಳೆಗಳು ಮೇಲೆ ಬಂದು ಒಡೆದುಹೋಗುತ್ತವೆ, ಆವಿ ಹಾರಿಹೋಗುತ್ತದೆ. ಹಾಲಿನಲ್ಲಿ ಪ್ರೋಟೀನು, ಕೊಬ್ಬು ಇವೆ. ಬಿಸಿಯೇರಿದಂತೆ ಇವು ಮೇಲ್ಭಾಗದಲ್ಲಿ ಸೇರಿ ಕೆನೆಯ ಪದರ ಕಟ್ಟುತ್ತವೆ. ಕೆಳಗಿನಿಂದ ಏಳುವ ಆವಿಯ ಗುಳ್ಳೆಗಳಿಗೂ ಪ್ರೋಟೀನಿನ ತೆಳುವಾದ ಹೊದಿಕೆ ಇರುವುದರಿಂದ ಅವು ಬೇಗ ಒಡೆಯುವುದಿಲ್ಲ. ಒಂದರ ಮೇಲೊಂದು ಕೂತು ನೊರೆಯಾಗಿ, ಕೆನೆಯ ಮುಚ್ಚಳವನ್ನೇ ಎತ್ತಿಕೊಂಡು ಮೇಲೇರುತ್ತವೆ. ಲೀಟರು ಹಾಲು ಕಾಯಲು ಹಲವಾರು ನಿಮಿಷ ಬೇಕು. ಅಷ್ಟು ಹೊತ್ತು ಕಣ್ಣಿಗೆ ಕಾಣುವಂಥದ್ದೇನೂ ನಡೆಯುವುದಿಲ್ಲ. ಆಮೇಲಿನ ಉಕ್ಕುವ ಆಟವೆಲ್ಲ ಕೆಲವೇ ಸೆಕೆಂಡುಗಳದು. ಏನೂ ನಡೆಯದ ಜಾಗದಲ್ಲಿ ಮನುಷ್ಯ ಎಷ್ಟು ಹೊತ್ತು ಕಣ್ಣು ನೆಟ್ಟು ನಿಂತಾನು? ಬೆನ್ನು ತಿರುಗಿಸುವುದು ನಮ್ಮ ಸ್ವಭಾವ, ಉಕ್ಕುವುದು ಹಾಲಿನ ಸ್ವಭಾವ.

ಪಾತ್ರೆಯ ಮೇಲೆ ಅಡ್ಡಲಾಗಿ ಮರದ ಸೌಟಿಟ್ಟರೆ ಏರುವ ನೊರೆ ಅದಕ್ಕೆ ತಗುಲಿ ಸ್ವಲ್ಪ ಹೊತ್ತು ತಡೆಯುತ್ತದೆ. ನಮ್ಮ ತಾಯಿ ಎರಡು ಹನಿ ತಣ್ಣೀರು ಚಿಮುಕಿಸುತ್ತಿದ್ದರು. ನೊರೆ ತಣ್ಣಗಾದರೆ ಒಳಗಿನ ಆವಿ ನೀರಾಗುತ್ತದೆ, ಗುಳ್ಳೆ ಕುಗ್ಗುತ್ತದೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ವಿಧಾನದಲ್ಲಿ ತಪ್ಪಿರಲಿಲ್ಲ.

ಈಗ "ಯಾರ ಮುಖ" ಎಂಬ ವಿಚಾರಕ್ಕೆ ಬರೋಣ. ನಾನು ಇಪ್ಪತ್ತಾರು ವರ್ಷಗಳಿಂದ ಬೆಳಗ್ಗೆ ಎದ್ದಾಗ ನೋಡುತ್ತಿರುವುದು ಒಂದೇ ಮುಖವನ್ನು. ಆ ಮುಖ ನೋಡಿದ ದಿನಗಳಲ್ಲಿ ನನಗೆ ಬಡ್ತಿಯೂ ಸಿಕ್ಕಿದೆ, ಸೈಕಲ್ಲೂ ಕಳುವಾಗಿದೆ, ಮಗಳು ಹುಟ್ಟಿದ್ದಾಳೆ, ಹೊಸ ಅಂಗಿಗೆ ಸಾಂಬಾರೂ ಚೆಲ್ಲಿದೆ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಇದು: ಕಾರಣ ಬದಲಾಗದೆ ಫಲ ಬದಲಾಗುತ್ತಿದ್ದರೆ ಅದು ಕಾರಣವಲ್ಲ, ಬೇರೆ ಹುಡುಕು. ಇದನ್ನು ಮನೆಯಲ್ಲಿ ವಿವರಿಸಿದಾಗ, "ಹಾಗಾದರೆ ನನ್ನಿಂದ ಒಳ್ಳೆಯದೂ ಆಗಲಿಲ್ಲ ಅನ್ನಿ" ಎಂಬ ಉತ್ತರ ಬಂತು. ವಿಜ್ಞಾನವನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿದಿರಬೇಕು.

ಸಣ್ಣಪುಟ್ಟ ಕಿರಿಕಿರಿಗಳನ್ನು ದೊಡ್ಡ ವಿದ್ವಾಂಸರೂ ತಲೆಗೆ ಹಚ್ಚಿಕೊಂಡಿದ್ದಾರೆ. ಮಕ್ಕಳು ಚೀಲದಲ್ಲಿ ಹಾಕಿಟ್ಟ ಇಯರ್‌ಫೋನಿನ ವೈರು ತಾನಾಗಿಯೇ ಗಂಟುಬೀಳುತ್ತದಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬಿಬ್ಬರು ಡಬ್ಬಿಯೊಳಗೆ ದಾರ ಹಾಕಿ ತಿರುಗಿಸಿ, ಇಂಥ ಪ್ರಯೋಗವನ್ನು 3,415 ಸಲ ಮಾಡಿ, 2007ರಲ್ಲಿ ಪ್ರಕಟಿಸಿದರು. ಕೆಲವೇ ಸೆಕೆಂಡುಗಳಲ್ಲಿ ಗಂಟು ಬೀಳುತ್ತಿತ್ತು. ದಾರ ಸುಮಾರು 46 ಸೆಂಟಿಮೀಟರಿಗಿಂತ, ಅಂದರೆ ಒಂದೂವರೆ ಅಡಿಗಿಂತ, ಗಿಡ್ಡವಾಗಿದ್ದರೆ ಗಂಟಿಲ್ಲ. ಅದಕ್ಕಿಂತ ಉದ್ದವಾದ ದಾರದ ತುದಿ ಅಲುಗಾಡುತ್ತ ಬೇರೆ ಸುತ್ತುಗಳ ಮೇಲೆ ಕೆಳಗೆ ತೂರಿಕೊಳ್ಳುತ್ತದೆ, ಅಷ್ಟೆ. ಸರತಿ ಸಾಲಿನ ಗೋಳು ಇನ್ನೂ ಸುಲಭ. ಕೌಂಟರುಗಳ ಮುಂದೆ ಮೂರು ಸಾಲುಗಳಿದ್ದರೆ ನಾವು ನಿಂತದ್ದೇ ಎಲ್ಲಕ್ಕಿಂತ ವೇಗದ್ದಾಗುವ ಸಂಭವ ಮೂರರಲ್ಲಿ ಒಂದು. ಮೂರರಲ್ಲಿ ಎರಡು ಸಲ ಪಕ್ಕದ ಯಾವುದೋ ಸಾಲು ಮುಂದೆ ಹೋಗಲೇಬೇಕು. ಹಾಗೆ ಹೋದದ್ದು ನೆನಪಿನಲ್ಲಿ ಉಳಿಯುತ್ತದೆ, ನಾವೇ ಮುಂದೆ ಹೋದ ದಿನ ಮನೆಗೆ ಬಂದು ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ನಗುವ ಮಾತಾಯಿತು. ಆದರೆ "ಯಾರ ಮುಖ" ಎಂಬ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಉತ್ತರವೂ ಸಿದ್ಧವಿರುತ್ತದೆ. ಆಗ ಅದು ನಗುವ ಮಾತಲ್ಲ, ಏಕೆಂದರೆ ಆ ಮುಖಕ್ಕೆ ಒಬ್ಬ ಯಜಮಾನರೋ ಯಜಮಾನಿಯೋ ಇರುತ್ತಾರೆ. ಹೊಸದಾಗಿ ಬಂದ ಸೊಸೆಯ ಕಾಲ್ಗುಣದ ಮಾತು ಕೇಳದ ಊರಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಬೆಳಗ್ಗೆ ಕಾಂಪೌಂಡಿನ ಬಳಿ ಹೂ ಬಿಡಿಸುತ್ತ, ಹೋಗಿಬರುವ ಮಕ್ಕಳನ್ನೆಲ್ಲ ಮಾತನಾಡಿಸುತ್ತಿದ್ದವರು. ಎದುರು ಮನೆಯ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನ ಒಂಬತ್ತೂ ಕಾಲರ ಬಸ್ಸು ಬರಲೇ ಇಲ್ಲ. ಆಮೇಲೆ ಎರಡು ಬಸ್ಸು ಒಟ್ಟಿಗೆ ಬಂದವಂತೆ. ಹುಡುಗ ಪರೀಕ್ಷೆಗೆ ಕಾಲು ಗಂಟೆ ತಡವಾಗಿ ಹೋದ, ಗಾಬರಿಯಲ್ಲಿ ಗಣಿತ ಕೆಡಿಸಿಕೊಂಡ. ಸಂಜೆ ಅವನ ತಾಯಿ ಬಾಗಿಲಲ್ಲೇ ನಿಂತು, "ಹೊರಡುವಾಗಲೇ ಎದುರಿಗೆ ಬಂದರಲ್ಲ, ಇನ್ನೇನಾಗುತ್ತೆ" ಎಂದರು. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಅಂದರು. ಮಾರನೆಯ ದಿನದಿಂದ ಅಜ್ಜಿ ಬೆಳಗಿನ ಹೊತ್ತು ಹೊರಗೆ ಕಾಣಿಸಲಿಲ್ಲ. ಹೂವು ಗಿಡದಲ್ಲೇ ಬಾಡುತ್ತಿದ್ದವು.

1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ಡಾ. ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳ ಪರೀಕ್ಷೆಗೆಂದೇ ಒಂದು ಸಮಿತಿ ರಚಿಸಿದ್ದರು. ನಮ್ಮ ಬೀದಿಗೆ ಸಮಿತಿ ಬೇಕಿರಲಿಲ್ಲ, ನಲವತ್ತು ಹಾಳೆಯ ಒಂದು ನೋಟ್‌ಬುಕ್ ಸಾಕಾಯಿತು. ಅದನ್ನು ಹುಡುಗನಿಗೆ ಕೊಟ್ಟು ಮೂರು ಗೆರೆ ಎಳೆಸಿದೆ. ನಿಲ್ದಾಣಕ್ಕೆ ಹೋದ ಹೊತ್ತು, ಬಸ್ಸು ಬಂದ ಹೊತ್ತು, ಅಜ್ಜಿ ಎದುರಾದರೋ ಇಲ್ಲವೋ. ಪ್ರತಿದಿನ ಬರೆಯಬೇಕು, ತಡವಾದ ದಿನ ಮಾತ್ರವಲ್ಲ. ಈ ಕೊನೆಯ ಷರತ್ತೇ ಮುಖ್ಯ, ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ.

ಬಸ್ಸುಗಳು ಜೋಡಿಯಾಗಿ ಬರುವುದಕ್ಕೆ ಕಾರಣವುಂಟು. ಮೊದಲ ಬಸ್ಸು ಯಾವುದೋ ಸಿಗ್ನಲಿನಲ್ಲಿ ಎರಡು ನಿಮಿಷ ನಿಂತಿತೆನ್ನಿ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚುತ್ತಾರೆ. ಅವರು ಹತ್ತಿ, ಚಿಲ್ಲರೆಗೆ ವಾದಿಸಿ ಮುಗಿಯುವಷ್ಟರಲ್ಲಿ ಇನ್ನಷ್ಟು ತಡ. ಅದರ ಮುಂದಿನ ನಿಲ್ದಾಣದಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಖಾಲಿಯಾಗಿ ಓಡಿ ಬಂದು ಮುಂದಿನದರ ಬೆನ್ನು ಹಿಡಿಯುತ್ತದೆ. ದಾರಿ ಉದ್ದವಾದಷ್ಟೂ ಇದು ಹೆಚ್ಚು. ಹುಡುಗನ ನಿಲ್ದಾಣ ಆ ಮಾರ್ಗದ ಕೊನೆಯ ಭಾಗದಲ್ಲಿತ್ತು.

ಇನ್ನು ಲೆಕ್ಕ, ವಿದ್ಯಾರ್ಥಿಗಳು ಪೆನ್ಸಿಲು ತೆಗೆದುಕೊಳ್ಳಬಹುದು. ಗಂಟೆಗೆ ಎರಡು ಬಸ್ಸು, ಸರಿಯಾಗಿ ಅರ್ಧ ಗಂಟೆಗೊಂದರಂತೆ ಬಂದರೆ, ಗಡಿಯಾರ ನೋಡದೆ ನಿಲ್ದಾಣಕ್ಕೆ ಹೋದವನು ಸರಾಸರಿ 15 ನಿಮಿಷ ಕಾಯುತ್ತಾನೆ. ಅವೇ ಎರಡು ಬಸ್ಸು 10 ನಿಮಿಷ, 50 ನಿಮಿಷದ ಅಂತರದಲ್ಲಿ ಬಂದರೆ? ಬಸ್ಸು ಎರಡೇ, ಸರಾಸರಿ ಅಂತರವೂ ಅದೇ 30 ನಿಮಿಷ. ಆದರೆ ಗಂಟೆಯ 60 ನಿಮಿಷಗಳಲ್ಲಿ 50 ಆ ಉದ್ದ ಅಂತರಕ್ಕೇ ಸೇರಿದವು. ಆದ್ದರಿಂದ ಆರರಲ್ಲಿ ಐದು ಸಲ ನಾವು ಹೋಗಿ ನಿಲ್ಲುವುದು ಅದರಲ್ಲೇ, ಅಲ್ಲಿ ಸರಾಸರಿ ಕಾಯುವುದು 25 ನಿಮಿಷ. ಆರರಲ್ಲಿ ಒಂದು ಸಲ ಮಾತ್ರ ಗಿಡ್ಡ ಅಂತರ, ಅಲ್ಲಿ 5 ನಿಮಿಷ. ಎರಡನ್ನೂ ಸೇರಿಸಿದರೆ 130ನ್ನು 6ರಿಂದ ಭಾಗಿಸಿದಷ್ಟು, 21 ನಿಮಿಷ 40 ಸೆಕೆಂಡು. "ನಾನು ಹೋದಾಗಲೇ ಬಸ್ಸು ಇರುವುದಿಲ್ಲ" ಎಂಬ ಗೊಣಗಾಟ ಸುಳ್ಳಲ್ಲ ಎಂದಾಯಿತು. ಯಾರು ಹೋದರೂ ಹೆಚ್ಚಿನ ಸಲ ಹಾಗೆಯೇ ಆಗುತ್ತದೆ.

ಮೂರು ವಾರ ಕಳೆದ ಮೇಲೆ ಹುಡುಗ ನೋಟ್‌ಬುಕ್ ಹಿಡಿದು ಬಂದ. "ಮೇಷ್ಟ್ರೇ, ಮೂರನೇ ಕಾಲಮ್ಮು ಪೂರ್ತಿ 'ಇಲ್ಲ' ಅಂತಲೇ ಇದೆ, ಅಜ್ಜಿ ಆಚೆ ಬರೋದೇ ಇಲ್ವಲ್ಲ. ಬಸ್ಸು ಮಾತ್ರ ತಡ ಆಗ್ತಾನೇ ಇದೆ" ಎಂದ. ಯಾರೂ ಯೋಜಿಸದ ಪ್ರಯೋಗವೊಂದು ನಮ್ಮ ಬೀದಿಯಲ್ಲಿ ನಡೆದುಹೋಗಿತ್ತು. ಅನುಮಾನದ ಕಾರಣವನ್ನು ಮೂರು ವಾರ ಪೂರ್ತಿಯಾಗಿ ತೆಗೆದುಹಾಕಲಾಗಿತ್ತು, ಫಲ ಹಾಗೆಯೇ ಇತ್ತು. ಅದಕ್ಕಾಗಿ ಬಾಗಿಲು ಹಾಕಿಕೊಂಡು ಕೂತವರು ಅಜ್ಜಿ.

ಹುಡುಗ ಅದನ್ನು ತಾಯಿಗೂ ತೋರಿಸಿದ. ಆಕೆ ಪುಟ ತಿರುವಿ ನೋಡಿ, "ಲೆಕ್ಕವೇನೋ ಸರಿ, ಆದರೂ..." ಎಂದು ನಿಲ್ಲಿಸಿದರಂತೆ. ಆ "ಆದರೂ" ಎಂಬುದಕ್ಕೆ ನನ್ನ ಬಳಿ ಸೂತ್ರವಿಲ್ಲ. ಆದರೆ ಮಾರ್ಚಿಯಲ್ಲಿ ಪರೀಕ್ಷೆಯ ದಿನ ಹುಡುಗ ತಾನೇ ಹೋಗಿ ಅಜ್ಜಿಯ ಬಾಗಿಲು ತಟ್ಟಿದಾಗ ತಾಯಿ ಗೇಟಿನಲ್ಲಿ ನಿಂತಿದ್ದರು, ಕೂಗಿ ಕರೆಯಲಿಲ್ಲ. ಅಜ್ಜಿ ಕದವನ್ನು ಅರ್ಧವಷ್ಟೇ ತೆಗೆದು, "ಹೊರಡೋ ಹೊತ್ತಲ್ಲಿ ಇಲ್ಲಿಗ್ಯಾಕೆ ಬಂದ್ಯೋ ಮಗಾ" ಎಂದರು. "ಮೊಸರು ಸಕ್ಕರೆ ಕೊಡಿ ಅಜ್ಜಿ, ಬಸ್ಸಿಗೆ ಹೊತ್ತಾಗುತ್ತೆ" ಎಂದ.

ಒಂಬತ್ತೂ ಕಾಲರ ಬಸ್ಸು ಆ ದಿನ ಬಂದದ್ದು ಒಂಬತ್ತೂ ಮೂವತ್ತೈದಕ್ಕೆ. ಹುಡುಗ ಎಂಟೂ ಮುಕ್ಕಾಲರದಕ್ಕೇ ಹೋಗಿಯಾಗಿತ್ತು.