ಮನೆ ಕಂದಾಯವೂ ಮತದ ಬೆಲೆಯೂ

ಏಪ್ರಿಲ್ ತಿಂಗಳು ಬಂದಿತೆಂದರೆ ನಮ್ಮ ಜಯನಗರದ ಮನೆಗಳಲ್ಲಿ ಎರಡು ಕಾರ್ಯಗಳು ತಪ್ಪದೆ ನಡೆಯುತ್ತವೆ: ಒಂದು, ಮಾವಿನಕಾಯಿಯ ಉಪ್ಪಿನಕಾಯಿ ಹಾಕುವುದು, ಇನ್ನೊಂದು, ನೂರಕ್ಕೆ ಐದರ ರಿಯಾಯಿತಿ ತಪ್ಪಿಹೋಗದಂತೆ ಮನೆ ಕಂದಾಯ ಕಟ್ಟುವುದು.

ನಮ್ಮ ನೆರೆಮನೆಯ ನಿವೃತ್ತ ಮೇಷ್ಟರು ಕಂದಾಯದ ಹಳೆಯ ರಸೀದಿಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. 2015ರ ಆಗಸ್ಟಿನಲ್ಲಿ ಮಹಾನಗರಪಾಲಿಕೆಯ ಚುನಾವಣೆ ನಡೆದಾಗ ಅಭ್ಯರ್ಥಿಯೊಬ್ಬರು ಅವರ ಬಾಗಿಲಿಗೆ ಬಂದು, “ಕಂದಾಯ ಇಳಿಸುತ್ತೇವೆ ಮೇಷ್ಟರೆ, ರಸ್ತೆ, ಮೋರಿ ಎಲ್ಲವನ್ನೂ ಹೊಸದಾಗಿ ಮಾಡಿಸುತ್ತೇವೆ” ಎಂದರು.

“ಬಹಳ ಸಂತೋಷ ಸ್ವಾಮಿ. ಆದಾಯ ಇಳಿಯಿತು, ವೆಚ್ಚ ಏರಿತು. ನಡುವಣ ಹಣವನ್ನು ಯಾರು ಕೊಡುತ್ತಾರೆ?”

ಅಭ್ಯರ್ಥಿ ನಕ್ಕು, ಕೈಮುಗಿದು, ಮುಂದಿನ ಮನೆಗೆ ನಡೆದರು.

ಮೇಷ್ಟರ ಪ್ರಶ್ನೆಯನ್ನು ನಾವೂ ಕೇಳಬೇಕಾದರೆ ಲೆಕ್ಕವನ್ನು ತಿಳಿದಿರಬೇಕು. ನಮ್ಮ ಕಂದಾಯವನ್ನು ನಾವೇ ಲೆಕ್ಕ ಹಾಕಿ ಸಲ್ಲಿಸುವ ಪದ್ಧತಿ ಬೆಂಗಳೂರಿಗೆ ಬಂದದ್ದು 2000ದಲ್ಲಿ. 2008ರಲ್ಲಿ ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ತಿಂಗಳಿಗೆ ಚದರಡಿಗೆ ಇಷ್ಟೆಂದು ದರ ಗೊತ್ತುಮಾಡಿದರು. ಸ್ವಂತ ವಾಸದ ಮನೆಗೆ ಬಾಡಿಗೆ ಮನೆಯ ಅರ್ಧ ದರ. ದರವು ಎರಡು ರೂಪಾಯಿ, ಮನೆ ಸಾವಿರ ಚದರಡಿ ಎಂದು ಭಾವಿಸೋಣ. ವರ್ಷಕ್ಕೆ ಹತ್ತು ತಿಂಗಳ ಲೆಕ್ಕದಲ್ಲಿ 20,000 ರೂಪಾಯಿ. ಹಳೆಯ ಮನೆಗೆ ದೊರೆಯುವ ಸವಕಳಿಯ ಕಡಿತವನ್ನು ಬಿಟ್ಟರೆ, ಅದರಲ್ಲಿ ನೂರಕ್ಕೆ ಇಪ್ಪತ್ತು, ಅಂದರೆ 4,000 ರೂಪಾಯಿ ಕಂದಾಯ. ಅದರ ಮೇಲೆ ಉಪಕರಗಳು. ಗ್ರಂಥಾಲಯದ ಉಪಕರವೇ ನೂರಕ್ಕೆ ಆರು. 4,000ಕ್ಕೆ 240 ರೂಪಾಯಿ. ಬಡಾವಣೆಯ ವಾಚನಾಲಯದಲ್ಲಿ ಪತ್ರಿಕೆ ತಿರುವಿಹಾಕುವಾಗ ಆ ಹಣ ನಮ್ಮದೂ ಹೌದೆಂಬುದನ್ನು ನೆನೆಯಬಹುದು.

ರಸ್ತೆ, ಮೋರಿ, ಉದ್ಯಾನ, ಬೀದಿದೀಪಗಳು ಪಾಲಿಕೆಯ ಹೊಣೆ. ಆದರೆ ಕುಡಿಯುವ ನೀರು ಮತ್ತು ಒಳಚರಂಡಿ 1964ರಲ್ಲಿ ಸ್ಥಾಪಿತವಾದ ಜಲಮಂಡಳಿಯವು. ಅದರ ಬಿಲ್ಲೇ ಬೇರೆ. ಪಾಲಿಕೆಯ ಅಭ್ಯರ್ಥಿ ಕಾವೇರಿ ನೀರಿನ ಆಶ್ವಾಸನೆ ಕೊಟ್ಟರೆ, ತನ್ನ ಕೈಯಲ್ಲಿಲ್ಲದ ಕೊಳಾಯಿಯನ್ನು ತಿರುಗಿಸುತ್ತೇನೆ ಎಂದಂತಾಯಿತು.

ಕಂದಾಯ ಹಗುರವಾದರೆ ಯಾರಿಗೆ ತಾನೇ ಬೇಡ? ಪಿಂಚಣಿಯಲ್ಲಿ ಬದುಕುವ ಮೇಷ್ಟರಂಥವರಿಗಂತೂ ಒಂದೊಂದು ನೂರು ರೂಪಾಯಿಯೂ ದೊಡ್ಡದೇ. ಆದರೆ ಪಾಲಿಕೆಯ ಸ್ವಂತ ಆದಾಯಗಳಲ್ಲಿ ಮುಖ್ಯವಾದುದು ಇದೇ. ಇದು ಸಾಲದೆ ಹೋದರೆ ಪಾಲಿಕೆ ರಾಜ್ಯ ಸರ್ಕಾರದ ಅನುದಾನಕ್ಕೆ ಕೈಯೊಡ್ಡಬೇಕು. ಕೊಟ್ಟವರ ಮಾತಿಗೆ ತಲೆಯಾಡಿಸಬೇಕು. ಮನೆಯ ಖರ್ಚಿಗೆ ನೆಂಟರನ್ನು ನಂಬಿದ ಯಜಮಾನನ ಸ್ಥಿತಿ ನಮಗೆ ತಿಳಿಯದ್ದೇನಲ್ಲ.

2015ರಲ್ಲಿ ಆರಿಸಿಬಂದ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2021ರಿಂದ 2025ರವರೆಗೆ ಐದು ಆಯವ್ಯಯಗಳನ್ನು ಮಂಡಿಸಿದವರು ಅಧಿಕಾರಿಗಳು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಅಷ್ಟು ವರ್ಷವೂ ಮೇಷ್ಟರು ಏಪ್ರಿಲಿನಲ್ಲೇ ಹಣ ಕಟ್ಟಿದರು. ಆದರೆ ಎದುರು ಮೋರಿಯ ಕಲ್ಲು ಕುಸಿದಾಗ, ಮತ ಕೇಳಿ ಗೆದ್ದವರೆಂದು ಹಿಡಿದು ಕೇಳಲು ವಾರ್ಡಿನಲ್ಲಿ ಯಾರೂ ಇರಲಿಲ್ಲ. “ಹಣ ಕೊಟ್ಟವನಿಗೆ ಲೆಕ್ಕ ಕೇಳಲು ಆಳಿಲ್ಲದಂತಾಯಿತಲ್ಲ!” ಎಂಬುದು ಅವರ ಕೊರಗು.

ಆದ್ದರಿಂದ ಪಾಲಿಕೆಯ ಮತ ಕೇಳಿ ಬರುವವರನ್ನು ಗೇಟಿನಲ್ಲೇ ಬೀಳ್ಕೊಡದೆ ಒಳಗೆ ಕರೆದು ಕೂರಿಸಿರಿ. ಕಂದಾಯದ ರಸೀದಿಯನ್ನು ಮುಂದಿಟ್ಟು, ಎಷ್ಟು ಇಳಿಸುವಿರಿ, ಯಾವ ಕೆಲಸ ನಿಲ್ಲಿಸುವಿರಿ ಅಥವಾ ಕೊರತೆಯನ್ನು ಎಲ್ಲಿಂದ ತುಂಬುವಿರಿ ಎಂದು ಕೇಳಿರಿ. ಉತ್ತರ ಕೊಡಬಲ್ಲವರಿಗೆ ಒಂದು ಲೋಟ ಕಾಫಿಯೂ ಸಲ್ಲಲಿ, ಮತವೂ ಸಲ್ಲಲಿ.