ಮಕ್ಕಳಿಗೆ ಕುದುರೆಯ ಪರಿಚಯ

ಕುದುರೆ ಮೂಲತಃ ಬಯಲಿನ ಪ್ರಾಣಿ. ಬೇಟೆಗೆ ಸಿಗದಂತೆ ಓಡಿ ಬದುಕಿದ ವಂಶ ಅದರದು. ಓಡಲು ದಾರಿಯಿಲ್ಲದಾಗ ಒದೆಯುತ್ತದೆ. ಐನೂರು ಕಿಲೋ ತೂಗಬಲ್ಲ ಇದು ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲಕ್ಕೂ ಬೆಚ್ಚುತ್ತದೆ. ಮಗುವೊಂದು ಕುದುರೆಯ ಬಳಿ ಹೋಗುವಾಗ ಪಾಲಿಸಬೇಕಾದ ಕ್ರಮಗಳೆಲ್ಲ ಈ ಅಂಜಿಕೆಯನ್ನು ತಿಳಿಯುವುದರಿಂದಲೇ ಶುರುವಾಗುತ್ತವೆ.

ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಕುದುರೆಗೆ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂಭಾಗ, ಹಣೆಯ ತೀರಾ ಮುಂಭಾಗ ಮತ್ತು ಮೂತಿಯ ಕೆಳಗಿನ ಜಾಗ. ಆದ್ದರಿಂದ ಹಿಂದಿನಿಂದ ಹೋಗಬಾರದು. ಮೆಲುದನಿಯಲ್ಲಿ ಮಾತಾಡುತ್ತ, ಎಡಭುಜದ ಕಡೆಯಿಂದ ನಿಧಾನವಾಗಿ ಹೋಗಿ ಮೊದಲು ಕತ್ತು ಸವರಬೇಕು. ಕಿವಿಗಳನ್ನು ಗಮನಿಸುವುದೂ ಅಷ್ಟೇ ಮುಖ್ಯ. ಮುಂದಕ್ಕೆ ನಿಮಿರಿದ ಕಿವಿ ಕುತೂಹಲವನ್ನು ಹೇಳುತ್ತದೆ, ಹಿಂದಕ್ಕೆ ಒತ್ತಿ ಮಲಗಿದ ಕಿವಿ ಸಿಟ್ಟನ್ನು.

ತಿನ್ನಲು ಕೊಡುವುದು ಮಕ್ಕಳಿಗೆ ಬಲು ಇಷ್ಟ. ಆದರೆ ಮೂತಿಯ ಕೆಳಗಿನದು ಕುದುರೆಗೆ ಕಾಣದು. ತುಟಿ ಮತ್ತು ಮೀಸೆಗೂದಲಿನಿಂದಲೇ ತಡವಿ ತಿಳಿಯುತ್ತದೆ. ಬೆರಳು ಹಲ್ಲಿಗೆ ಸಿಗದಂತೆ ಅಂಗೈಯನ್ನು ಪೂರ್ತಿ ಚಪ್ಪಟೆಯಾಗಿ ಹಿಡಿಯಬೇಕು. ತುಮಕೂರು ಜಿಲ್ಲೆಯ ಬಡವನಹಳ್ಳಿ, ಪಾವಗಡದ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಹುರುಳಿಯೇ ಬಹುಕಾಲದಿಂದ ಕುದುರೆಗಳಿಗೆ ಬಲ ಕೊಟ್ಟ ಮೇವು. ಆದರೂ ಮಾಲೀಕರನ್ನು ಕೇಳದೆ ಕಾಳು ಹಾಕಬಾರದು. ಕುದುರೆಯ ಜಠರ ಚಿಕ್ಕದು, ವಾಂತಿ ಮಾಡಲು ಅದಕ್ಕೆ ಆಗದು. ಕಾಳು ಅತಿಯಾದರೆ ಬರುವ ಹೊಟ್ಟೆಶೂಲೆ ಜೀವಕ್ಕೇ ಕುತ್ತು.

ಸವಾರಿಗೆ ಎಂಥ ಕುದುರೆ ಬೇಕೆಂಬುದು ದೊಡ್ಡವರು ಯೋಚಿಸಬೇಕಾದ ಮಾತು. ಇದೇ ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿಗೆ ಕುದುರೆಗಳನ್ನು ಸಾಕುತ್ತಿತ್ತು, ಆಮೇಲೆ ರೇಸಿನ ಥರೋಬ್ರೆಡ್ ತಳಿಗೆ ಹೆಸರಾಯಿತು. ವೇಗಕ್ಕೆಂದೇ ಬೆಳೆಸಿದ ಅಂಥ ತಳಿ ಹೊಸದಾಗಿ ಕಲಿಯುವ ಮಗುವಿಗೆ ತಕ್ಕದ್ದಲ್ಲ. ವಯಸ್ಸಾದ, ಶಾಂತ ಸ್ವಭಾವದ ಗಿಡ್ಡ ಕುದುರೆಯೇ ಒಳ್ಳೆಯ ಗುರು.

ಹೆಲ್ಮೆಟ್ ಕಡ್ಡಾಯ. ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಿರಲು ಹಿಮ್ಮಡಿಯುಳ್ಳ ಬೂಟು ಬೇಕು. ಮೊದಮೊದಲು ಕಲಿಸುವವರು ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ವೃತ್ತದಲ್ಲಿ ನಡೆಸುತ್ತಾರೆ, ಮಗು ಮೈಯ ಸಮತೋಲವನ್ನಷ್ಟೇ ಕಲಿಯುತ್ತದೆ. ನಡಿಗೆಯಲ್ಲಿ ನಾಲ್ಕು ಗೊರಸುಗಳ ಸಪ್ಪಳ ಒಂದಾದಮೇಲೊಂದು ಕೇಳುತ್ತದೆ. ಕುಕ್ಕುಲೋಟದಲ್ಲಿ ಓಡುವಾಗ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬಿದ್ದು ಎರಡೇ ಸಪ್ಪಳವಾಗುತ್ತದೆ. ಕುಲುಕಾಟ ಹೆಚ್ಚುವುದು ಆಗಲೇ. ಲಗಾಮನ್ನು ಆಸರೆಗೆಂದು ಜಗ್ಗಬಾರದು, ಏಕೆಂದರೆ ಕಡಿವಾಣದ ಕಬ್ಬಿಣ ಕೂರುವುದು ಹಲ್ಲಿಲ್ಲದ ಎಳೆಯ ವಸಡಿನ ಮೇಲೆ.

ಇಳಿದ ಮೇಲೂ ಪಾಠ ಮುಗಿಯದು. ಜೀನು ಬಿಚ್ಚಿ, ಬೆವರು ಒರೆಸಿ, ನೀರು ಕುಡಿಸಿ, ಗೊರಸಿನ ಸಂದಿಯ ಕಲ್ಲು ತೆಗೆಯುವುದನ್ನು ಮಗು ದೊಡ್ಡವರ ಜೊತೆ ನಿಂತು ಕಲಿಯಬೇಕು.